ಕಣಕದ ಅಳತೆ

ಶಹಾಪುರದ ಅಂಬ್ರಪ್ಪ ಮೋಟಾರು ರಿಪೇರಿಯವನು. ಹತ್ತಿ ಮಿಲ್ಲಿನ ಇಂಜಿನ್ನಿಗೆ ಎಣ್ಣೆ ಹಾಕುತ್ತ ಹಾಕುತ್ತಲೇ ಕೆಲಸ ಕಲಿತವನು. ನಿಜಾಮರ ಕಾಲದ ಕೊನೆಯ ವರ್ಷಗಳವು. ಶಹಾಪುರ, ಸುರಪುರ ಎರಡನ್ನೂ ಜಾಲಾಡಿದರೆ ಬೆರಳೆಣಿಕೆಯಷ್ಟು ಮೋಟಾರು ಸಿಗುತ್ತಿದ್ದವು. ಅವುಗಳಲ್ಲಿ ಯಾವುದು ಕೆಮ್ಮಿದರೂ ಅಂಬ್ರಪ್ಪನಿಗೇ ಕರೆ ಬರುತ್ತಿತ್ತು. ಅದರಿಂದ ಅವನಿಗೆ ತುಸು ಜಂಬವೂ ಬಂದಿತ್ತು. ಇರಲಿ ಬಿಡಿ, ಜಂಬ ಪಡುವಂಥ ಕೈಯೇ ಅದು.

ಆ ಶ್ರಾವಣದಲ್ಲಿ ಹತ್ತಿ ವ್ಯಾಪಾರಿ ಬಸವಂತ್ರಾಯ ಸಾಹುಕಾರರ ಕಾರು ಅವನ ಕೊಟ್ಟಿಗೆಯಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಪಿಸ್ಟನ್ನುಗಳು ಸವೆದಿದ್ದವು. ಮಹಾಯುದ್ಧದ ಕಾಲ, ಆ ಕಾರಿನ ಪಿಸ್ಟನ್ನುಗಳು ಹೈದರಾಬಾದಿನಲ್ಲೂ ಸಿಗಲಿಲ್ಲ. ಸಿಕ್ಕವು ಬೇರೆಯವು, ಸುತ್ತಳತೆ ಸರಿಯಿತ್ತು, ಕೆಳಗಿನ ಅಂಚು ಮಾತ್ರ ತುಸು ಉದ್ದ. ತೊಡಕು ಅಲ್ಲೇ ಇತ್ತು. ಆ ಇಂಜಿನ್ನಿನ ತಳದಲ್ಲಿ ಪ್ರತಿ ಪಿಸ್ಟನ್ನಿನ ಕೆಳಗೂ ಎಣ್ಣೆ ಚಿಮ್ಮುವ ಪುಟ್ಟ ನಳಿಗೆಯೊಂದಿತ್ತು. ಪಿಸ್ಟನ್ ಪೂರ್ತಿ ಕೆಳಗಿಳಿದಾಗ ಅದರ ಅಂಚಿಗೂ ನಳಿಗೆಯ ತುದಿಗೂ ನಡುವೆ ಒಂದು ದುಡ್ಡಿನ ದಪ್ಪದಷ್ಟಾದರೂ ಸಂದು ಉಳಿಯಬೇಕು. ಬಿಸಿಯಾದರೆ ಲೋಹ ಹಿಗ್ಗುತ್ತದೆ, ಜೋರಾಗಿ ಓಡಿಸಿದರೆ ಪಿಸ್ಟನ್ ಕೂದಲೆಳೆಯಷ್ಟು ಹೆಚ್ಚೇ ಇಳಿಯುತ್ತದೆ. ಸಂದು ಸಾಲದಿದ್ದರೆ ನಳಿಗೆ ಮುರಿದು, ಇಂಜಿನ್ ಹಿಡಿದುಕೊಂಡು, ಗಾಡಿ ನಡುದಾರಿಯಲ್ಲೇ ನಿಲ್ಲುತ್ತದೆ.

ಒಳಗೆ ಇಣುಕಿದರೂ ಕಾಣದ ಆ ಸಂದನ್ನು ಅಂಬ್ರಪ್ಪ ಜೋಳದ ಹಿಟ್ಟಿನಿಂದ ಅಳೆಯುತ್ತಿದ್ದ. ರೊಟ್ಟಿಗೆ ನಾದಿದ ಹಿಟ್ಟಿನಿಂದ ಒಂದು ಗುಳಿಗೆ ಮಾಡಿ ನಳಿಗೆಯ ತುದಿಗೆ ಮೆತ್ತುವುದು, ಹ್ಯಾಂಡಲ್ ಹಾಕಿ ಇಂಜಿನ್ ತಿರುಗಿಸುವುದು. ಪಿಸ್ಟನ್ ಇಳಿದು ಬಂದು ಹಿಟ್ಟನ್ನು ಒತ್ತಿ ಮೇಲೆ ಹೋಗುತ್ತದೆ. ಉಳಿದ ಹಿಟ್ಟು ಎಷ್ಟು ದಪ್ಪವೋ ಸಂದು ಅಷ್ಟು. ಈ ಉಪಾಯ ಒಮ್ಮೆಯೂ ಅವನಿಗೆ ಕೈಕೊಟ್ಟಿರಲಿಲ್ಲ.

ಅಳತೆ ನೋಡುವ ದಿನ ನಾಗರ ಪಂಚಮಿ ಬಂತು. ಆ ದಿನ ಒಲೆಯ ಮೇಲೆ ಹಂಚು ಇಡುವುದಿಲ್ಲ, ರೊಟ್ಟಿ ಬಡಿಯುವುದಿಲ್ಲ. ಹಿಟ್ಟು ಕೇಳಲು ಒಳಗೆ ಹೋದ ಅಂಬ್ರಪ್ಪನಿಗೆ ಹೆಂಡತಿ ಕರೆಮ್ಮ ಬಿಡಿಸಿ ಹೇಳಿದಳು.

"ರೊಟ್ಟಿ ಹಿಟ್ಟಿಗೆ ಇವತ್ತ ಕೈ ಹಚ್ಚಂಗಿಲ್ರಿ. ಕಡಬಿನ ಕಣಕ ಅದ, ಬೇಕಿದ್ರ ಒಯ್ರಿ."

ಹಿಟ್ಟು ಯಾವುದಾದರೇನು ಎಂದುಕೊಂಡು ಅವನು ಗೋಧಿಯ ಕಣಕವನ್ನೇ ಒಯ್ದ. ನಳಿಗೆಗಳಿಗೆ ಮೆತ್ತಿ, ತಿರುಗಿಸಿ, ತೆಗೆದು ನೋಡಿದ. ಎಲ್ಲವೂ ಬೇಕಾದಷ್ಟು ದಪ್ಪಗಿದ್ದವು. ಖುಷಿಯಿಂದ ತಳ ಮುಚ್ಚಿದ. ಸಂಜೆ ಕಾರು ಸಾಹುಕಾರರ ಮನೆ ಸೇರಿತು.

ಮರುದಿನ ನಸುಕಿಗೇ ಮಗಳು ದೇವಕಮ್ಮನಿಗೆ ಬೇನೆ ಶುರುವಾಯಿತು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು. ಊರ ಅರ್ಧ ಮಕ್ಕಳನ್ನು ಕೈಯಲ್ಲಿ ಹಿಡಿದ ಸೂಲಗಿತ್ತಿ ಮುದುಕಮ್ಮ ಮಧ್ಯಾಹ್ನದ ಹೊತ್ತಿಗೆ ಹೊರಗೆ ಬಂದು ಕೈ ಒರೆಸಿಕೊಂಡಳು.

"ಕೂಸು ಅಡ್ಡ ಆಗ್ಯಾದ, ಅಂಬ್ರಪ್ಪ. ನನ್ನ ಕೈಲಿ ಆಗಂಗಿಲ್ಲ. ಲಗೂನ ಯಾದಗಿರಿ ದವಾಖಾನಿಗೆ ಒಯ್ಯಿ."

ಸುದ್ದಿ ಕೇಳಿದ ಸಾಹುಕಾರರು ಕಾರು ಕಳಿಸುತ್ತೇನೆಂದರು. ಅಷ್ಟು ಒಳ್ಳೆಯ ಮಾತನ್ನು ಅಂಬ್ರಪ್ಪ ಆ ವರ್ಷದಲ್ಲೇ ಕೇಳಿರಲಿಲ್ಲ. ಕಾರು ಬರುವ ತನಕ ಅಡುಗೆಮನೆಯಲ್ಲಿ ಕುಳಿತ. ನಿನ್ನೆ ಉಳಿದ ಕಣಕ ಪಕ್ಕದ ಬೋಗುಣಿಯಲ್ಲಿತ್ತು. ಏನೋ ಯೋಚಿಸುತ್ತ ಅದರಲ್ಲಿ ಹೆಬ್ಬೆರಳು ಒತ್ತಿದ. ಬೆರಳು ತೆಗೆದ ಮೇಲೆ ಆ ಕುಳಿ ಮೆಲ್ಲಗೆ ಮೇಲೇರಿತು. ಅವನು ಮತ್ತೆ ಒತ್ತಿದ. ಮತ್ತೆ ಏರಿತು.

ಜೋಳದ ಹಿಟ್ಟು ಹೀಗೆ ಮಾಡುವುದಿಲ್ಲ, ಒತ್ತಿದರೆ ಒತ್ತಿದ ಹಾಗೇ ಇರುತ್ತದೆ. ಕಣಕ ಮಾತ್ರ ಪಿಸ್ಟನ್ ಮೇಲೆ ಹೋದೊಡನೆ ಮತ್ತೆ ಉಬ್ಬಿಕೊಂಡು, ಇಲ್ಲದ ಸಂದನ್ನು ತೋರಿಸಿತ್ತು.

ಹೊರಗೆ ಕಾರಿನ ಹಾರನ್ ಆಯಿತು. ಯಾರಿಗೆ ಏನೆಂದು ಹೇಳಬೇಕು? ತಳ ಬಿಚ್ಚಿ ಸರಿಮಾಡಲು ಅರ್ಧ ದಿನ ಬೇಕು. ಎತ್ತಿನ ಗಾಡಿ ಕಟ್ಟಿದರೆ ಯಾದಗಿರಿ ಸೇರುವುದು ಎಷ್ಟು ಹೊತ್ತಿಗೋ. ಬೇರೆ ಮೋಟಾರು ಊರಲ್ಲಿರಲಿಲ್ಲ. ಅವನ ಜಾಗದಲ್ಲಿ ಯಾರೇ ಇದ್ದರೂ, ಆ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಹತ್ತಿ ಕೂರುವುದನ್ನು ಬಿಟ್ಟು ಮತ್ತೇನು ಮಾಡಲು ಬರುತ್ತಿತ್ತು? ಹಿಂದಿನ ಸೀಟಿನಲ್ಲಿ ಕರೆಮ್ಮ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅಂಬ್ರಪ್ಪ ಮುಂದೆ, ಡ್ರೈವರ್ ಬಾಷುಮಿಯಾನ ಪಕ್ಕ ಕೂತ.

"ಹಗೂರ ಬಿಡು, ಬಾಷುಭಾಯಿ."

"ಹಗೂರ ಯಾಕ? ಬೇಟಿ ತಕಲೀಫಿನಾಗ ಅದಾಳ."

"ಇಂಜಿನ್ ಹೊಸದು ಮಾಡೀವಿ. ಹಗೂರನ ಬಿಡಬೇಕು."

ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಊರು ದಾಟಿ ಇಂಜಿನ್ ಕಾವೇರಿದ ಮೇಲೆ ಆ ಸದ್ದು ಬಂತು. ಟಿಕ್, ಟಿಕ್, ಟಿಕ್. ಬಾಷುಮಿಯಾನಿಗೂ ಕೇಳದಷ್ಟು ಸಣ್ಣದು. ಅಂಬ್ರಪ್ಪನಿಗೆ ಬೇರೇನೂ ಕೇಳುತ್ತಿರಲಿಲ್ಲ. ವೇಗ ಏರಿದರೆ ಸದ್ದು ಗಟ್ಟಿಯಾಗುತ್ತಿತ್ತು, ಅವನು ಬಾಷುಮಿಯಾನ ತೋಳು ಹಿಡಿಯುತ್ತಿದ್ದ. ದಾರಿಯಲ್ಲಿ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಲು ಹೇಳಿ ಇಂಜಿನ್ ಆರಲು ಬಿಟ್ಟ.

"ನಿಲ್ಲಿಸಿದ್ಯಾಕ? ನಿಮಗೇನ ಕರುಳ ಅದನೋ ಇಲ್ಲೋ?" ಎಂದಳು ಕರೆಮ್ಮ.

ದೇವಕಮ್ಮ ನೋವಿನ ನಡುವೆ ಮೆಲ್ಲಗೆ, "ಯಪ್ಪಾ, ಜೋರ ಬಿಡಂತ ಹೇಳು" ಎಂದಳು.

ಅವನಿಗೆ ಹೇಳಲಾಗಲಿಲ್ಲ. ಜೋರು ಬಿಟ್ಟರೆ ನಳಿಗೆ ಮುರಿದು ಈ ಎರೆಹೊಲದ ನಡುವೆ ಮಗಳು ಉಳಿದುಬಿಡುತ್ತಾಳೆ. ನಿಧಾನ ಬಿಟ್ಟರೆ ಹೊತ್ತು ಜಾರುತ್ತದೆ. ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದರೆ ಎಂಥ ಯಂತ್ರಕ್ಕೂ ಹೆದರದ ಮನುಷ್ಯ, ಆ ಸೀಟಿನಲ್ಲಿ ಬರಿಗೈಯಲ್ಲಿ ಕೂತಿದ್ದ.

ಭೀಮಾ ಹೊಳೆ ದಾಟಿ ದವಾಖಾನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಕಾರು ಎಲ್ಲೂ ಕೆಡಲಿಲ್ಲ. ದೇವಕಮ್ಮ ಉಳಿದಳು. ಗಂಡು ಕೂಸು ಉಳಿಯಲಿಲ್ಲ. ಇನ್ನೊಂದಿಷ್ಟು ಮುಂಚೆ ಬಂದಿದ್ದರೆ ಎಂದು ಡಾಕ್ಟರಮ್ಮ ಅರ್ಧಕ್ಕೆ ಮಾತು ನಿಲ್ಲಿಸಿದರು.

ಆಮೇಲೆ ಅಂಬ್ರಪ್ಪ ಆ ಇಂಜಿನ್ ಬಿಚ್ಚಿದ. ಒಂದೇ ಒಂದು ಪಿಸ್ಟನ್ನಿನ ಅಂಚಿನಲ್ಲಿ ಉಗುರಿನಿಂದ ಗೀರಿದಂಥ ಹೊಳಪಿತ್ತು. ನಳಿಗೆ ಅಲುಗಿಯೂ ಇರಲಿಲ್ಲ. ಜೋರು ಬಿಟ್ಟಿದ್ದರೆ ತಾಳುತ್ತಿತ್ತೋ, ಮುರಿಯುತ್ತಿತ್ತೋ, ಅದನ್ನು ನೋಡಿ ಹೇಳಲು ಬರುವಂತಿರಲಿಲ್ಲ. ಅಂಚನ್ನು ಅರದಿಂದ ತಿಕ್ಕಿ, ಈ ಸಲ ಜೋಳದ ಹಿಟ್ಟಿನಲ್ಲಿ ಅಳೆದು ಮುಚ್ಚಿದ.

ಕರೆಮ್ಮ ಅವನೊಡನೆ ಮಾತು ಬಿಟ್ಟಳು. ಗಂಡನ ಮನೆಗೆ ಹೊರಟ ದಿನ ದೇವಕಮ್ಮ ಅಪ್ಪನ ಬಳಿ ಬಂದು ನಿಂತಳು.

"ಯಪ್ಪಾ, ಅವತ್ತ ಹಗೂರ ಯಾಕ ಬಿಡಿಸಿದಿ?"

"ರಸ್ತಾ ಖರಾಬ್ ಇತ್ತವ್ವ" ಎಂದ.

"ನಾನೂ ಅವ್ವಗ ಅದನ್ನ ಹೇಳೀನಿ. ನನಗ ಕುಲುಕಬಾರದಂತ ಅಪ್ಪ ಹಗೂರ ಬಿಡಿಸ್ಯಾನ, ಅವನ ಮ್ಯಾಲ ಸಿಟ್ಟಾಗಬ್ಯಾಡ ಅಂತ."

ಹೇಳಿ, ಬಗ್ಗಿ, ಅಪ್ಪನ ಕಾಲು ಮುಟ್ಟಿದಳು. ಅಂಬ್ರಪ್ಪ ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕೆಂದುಕೊಂಡ, ಆಗಲಿಲ್ಲ.