ಒಂಟಿಗೈ ಮೆಕ್ಯಾನಿಕ್‌ನ ಕಿವಿ

ಗಾಜಿನ ವಾಲ್ವುಗಳ ಹಳೇ ಆಂಪ್ಲಿಫೈಯರ್ ರಿಪೇರಿ ಮಾಡುವ ಆ ಮನುಷ್ಯನ ಎರಡೂ ಕೈ ಗಟ್ಟಿಮುಟ್ಟಾಗಿದ್ದವು. ಆದರೂ ಎಲ್ಲರ ಬಾಯಲ್ಲೂ ಅವನು ‘ಒಂಟಿಗೈ’. ಮುನ್ನೂರು ವೋಲ್ಟ್ ಹರಿಯುವ ಪೆಟ್ಟಿಗೆಯೊಳಗೆ ಒಂದು ಕೈ ಹಾಕಿದರೆ ಇನ್ನೊಂದು ಪ್ಯಾಂಟಿನ ಜೇಬಿನಲ್ಲೇ ಇರಬೇಕು ಎಂಬುದು ಅವನ ನೇಮ. ಎರಡನ್ನೂ ಹಾಕಿದವನ ಎದೆಯೊಳಗಿಂದ ಕರೆಂಟು ಹಾದುಹೋದರೆ, ಆಮೇಲೆ ಹೆಗಲು ಕೊಡಲು ನಾಲ್ಕು ಜನರನ್ನು ಹುಡುಕಬೇಕಾಗುತ್ತದೆ. ಮದುವೆಗೆ ಮುಂಚೆ ಅಂಗಡಿಗೆ ಬಂದು ಇಣುಕಿದ ಮಾವ, ‘ಹುಡುಗನ ಇನ್ನೊಂದು ಕೈ ಕಾಣಲೇ ಇಲ್ಲ’ ಎಂದು ಮನೆಯಲ್ಲಿ ಗೋಳಾಡಿದ್ದನಂತೆ.

ಊನವಿದ್ದದ್ದು ಕಿವಿಯಲ್ಲಿ. ಹರೆಯದಲ್ಲಿ ಗಿರಣಿ ಮುಷ್ಕರಕ್ಕೆ ಮೈಕು ಕಟ್ಟಲು ಹೋಗಿ ನಲವತ್ತೊಂದು ದಿನ ಹಾರ್ನ್ ಸ್ಪೀಕರಿನ ಬುಡದಲ್ಲಿ ಕೂತಿದ್ದ. ಮುಷ್ಕರ ಮುರಿಯಿತು, ಮುಖಂಡ ಮಾಲೀಕನ ಕೈ ಕುಲುಕಿದ, ಇವನ ಎಡಗಿವಿ ಕಾಯಂ ಆಗಿ ಕೆಲಸ ನಿಲ್ಲಿಸಿತು. ಬಲಗಿವಿಯೂ ಅಷ್ಟಕ್ಕಷ್ಟೆ. ಇದು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಕಿವುಡನ ಕೈಗೆ ಹಾಡಿನ ಪೆಟ್ಟಿಗೆ ಯಾರು ಕೊಟ್ಟಾರು?

ಒಂದು ದಿನ ನಿವೃತ್ತ ಪ್ರಿನ್ಸಿಪಾಲರು ಆಂಪ್ಲಿಫೈಯರ್ ಹೊತ್ತು ತಂದರು. “ಗುಂಯ್ ಅಂತಿದೆ ಕಣ್ರೀ.” ಸ್ಪೀಕರಿನ ತಂತಿ ಬೆಳ್ಳಿಯದೋ ತಾಮ್ರದ್ದೋ ಹಾಡು ಕೇಳಿಯೇ ಹೇಳುತ್ತೇನೆ ಎನ್ನುವ ಆಸಾಮಿ. ಒಂಟಿಗೈಯ ಗಿರಾಕಿಗಳೆಲ್ಲ ಇವರ ಗೆಳೆಯರ ಗುಂಪಿನವರೇ.

ಅಂಗಡಿಯಲ್ಲಿ ಹಚ್ಚಿ ನೋಡಿದರೆ ಇವನಿಗೆ ಏನೂ ಕೇಳಿಸಲಿಲ್ಲ. ಬೇರೆಯವನಾಗಿದ್ದರೆ ‘ಏನೂ ಇಲ್ಲ, ತಗೊಂಡು ಹೋಗಿ’ ಎನ್ನುತ್ತಿದ್ದ. ಇವನು ತನ್ನ ಕಿವಿಯನ್ನೇ ಅನುಮಾನಿಸಿ, “ಹೌದು ಸಾರ್, ಜೋರಾಗೇ ಇದೆ” ಎಂದು ತಲೆಯಾಡಿಸಿ ಕೆಪಾಸಿಟರ್ ಬದಲಿಸಿದ. ಎರಡನೇ ಸಲ ಬಂದಾಗ ವಾಲ್ವುಗಳನ್ನೇ ಬದಲಿಸಿದ. ಮೂರನೇ ಸಲ ಪ್ರಿನ್ಸಿಪಾಲರು ಬಾಗಿಲಲ್ಲೇ ಗುಡುಗಿದರು.

“ನಾಳೆ ಮನೆಗೇ ಬಂದು ಸರಿ ಮಾಡಿ. ಇಲ್ಲಾಂದ್ರೆ ನಮ್ಮ ಗುಂಪಿನವರು ಒಬ್ರೂ ಈ ಮೆಟ್ಟಿಲು ಹತ್ತಲ್ಲ!”

ಮರುದಿನ ಹೆಂಡತಿಯೂ ಚಪ್ಪಲಿ ಮೆಟ್ಟಿದಳು. “ನಾನೂ ಬರ್ತೀನಿ. ನಿಮ್ಮ ಕಿವಿ ನಂಬ್ಕೊಂಡು ಕೂತ್ರೆ ಅಂಗಡಿಗೆ ಬೀಗ ಜಡೀಬೇಕಷ್ಟೆ.”

ಪ್ರಿನ್ಸಿಪಾಲರ ಕೋಣೆಯಲ್ಲಿ ವಾಲ್ವುಗಳು ಕೆಂಡದ ಹಾಗೆ ಹೊಳೆಯುತ್ತಿದ್ದವು. ಒಂಟಿಗೈ ಸ್ಪೀಕರಿನ ಕಾಗದದ ಮೇಲೆ ಮೆಲ್ಲಗೆ ಬೆರಳಿಟ್ಟ. ಗುಂಯ್ ಅಲ್ಲಿಂದಲೇ ಬರುತ್ತಿದ್ದರೆ ಕಾಗದ ಅದುರಬೇಕು. ಅದುರಲಿಲ್ಲ. ಸರಕ್ಕನೆ ಸ್ವಿಚ್ ಆರಿಸಿದ.

“ಈಗ ಸಾರ್?”

“ಇನ್ನೂ ಇದೆಯಲ್ರೀ!” ಎಂದ ಪ್ರಿನ್ಸಿಪಾಲರು, ಆರಿದ ಪೆಟ್ಟಿಗೆಯನ್ನು ನೋಡಿ ಪೆಚ್ಚಾದರು.

ಹೆಂಡತಿ ಕಪಾಟಿನ ಹಿಂದೆ ಬಗ್ಗಿದಳು. “ಇದು ನಿಮ್ಮ ಮೀನಿನ ತೊಟ್ಟಿ ಪಂಪು ಸಾರ್. ಗೋಡೆಗೆ ತಾಗ್ಕೊಂಡು ಕುಣೀತಿದೆ.”

ಹೊಸ ಪಂಪು ತಂದು ಇನ್ನೂ ತಿಂಗಳಾಗಿರಲಿಲ್ಲ; ಗುಂಯ್ ಶುರುವಾದದ್ದೂ ಆಗಲೇ. ಪ್ರಿನ್ಸಿಪಾಲರು ಒಂಟಿಗೈಯ ಮೇಲೆ ತಿರುಗಿಬಿದ್ದರು. “ಮತ್ತೆ ಅಂಗಡೀಲಿ ಕೇಳಿಸ್ತು ಅಂದ್ರಲ್ಲ ನೀವು?”

“ಕೇಳಿಸಲಿಲ್ಲ ಸಾರ್. ನಾನು ಮುಕ್ಕಾಲು ಕಿವುಡ. ಬೆಳ್ಳಿ, ತಾಮ್ರ ಕೇಳಿಸೋ ಕಿವಿಯವರು ಹೇಳ್ತಿದೀರಲ್ಲ ಅಂತ ನಂಬಿಬಿಟ್ಟೆ.”

ಪ್ರಿನ್ಸಿಪಾಲರು ಮೀನುಗಳನ್ನು ನೋಡಿದರು, ಬಾಗಿಲನ್ನು ನೋಡಿದರು. ಗುಂಪಿನಲ್ಲಿ ಈ ಕತೆ ಹರಡಿದರೆ ಯಾರ ಕಿವಿಯ ಮಾನ ಮೊದಲು ಹೋದೀತು ಎಂದು ಲೆಕ್ಕ ಹಾಕುತ್ತಿದ್ದಂತಿತ್ತು. ಆಮೇಲೆ ಒಂಟಿಗೈಯ ಹೆಂಡತಿಯ ಕಡೆಗೆ ಬಾಗಿ, “ನೀವೂ ಹೇಳ್ಬೇಡಿ, ನಾನೂ ಹೇಳಲ್ಲ” ಎಂದು ಪಿಸುಗುಟ್ಟಿದರು.

“ಏನಂತೆ?” ಎಂದ ಒಂಟಿಗೈ.

“ಅಂಗಡಿ ಉಳೀತಂತೆ. ನಡೀರಿ.”