ನಾಲ್ಕನೇ ಬಾವಿಯ ನಕ್ಷೆ

ನಮ್ಮೂರು ಲಾ ನೋರಿಯಾದಲ್ಲಿ ತೆಂಚಾ ಅರೆಯೋಲಾ ಅವರನ್ನು ಕಂಡು ಬೊಗಳುವ ನಾಯಿ ಒಂದೂ ಇರಲಿಲ್ಲ. ಇಪ್ಪತ್ತಾರು ವರ್ಷ ಊರಿನ ನೀರಿನ ಮೀಟರ್ ಓದಿದವರು ಅವರು. ಕೈಯಲ್ಲೊಂದು ಕಬ್ಬಿಣದ ಕೊಕ್ಕೆ, ತಲೆಗೆ ಅಗಲ ಅಂಚಿನ ಹುಲ್ಲಿನ ಟೋಪಿ, ಬೇಸಿಗೆಯಲ್ಲಿ ಟೋಪಿಯೊಳಗೊಂದು ಒದ್ದೆ ಬಟ್ಟೆ. ಕೊಕ್ಕೆಯಿಂದ ನೆಲದ ಮುಚ್ಚಳ ಎತ್ತಿ, ಬಗ್ಗಿ ನೋಡಿ, ಅಂಕಿ ಬರೆದುಕೊಂಡು ಮುಂದಿನ ಮನೆಗೆ ಹೋಗುವುದು. ಯಾರ ಮನೆಗೆ ಗಡಿಯಾಚೆಯ ಮಿಚೋಕಾನಿನಿಂದ ತಮ್ಮ ಬಂದಿಳಿದಿದ್ದಾನೆ, ಯಾರಿಗೆ ಮಗುವಾಗಿದೆ, ಯಾರು ಬೀಗ ಹಾಕಿಕೊಂಡು ಚೆರಿ ಹಣ್ಣು ಕೀಳಲು ಉತ್ತರಕ್ಕೆ ಹೋಗಿದ್ದಾರೆ, ಎಲ್ಲವೂ ಅವರಿಗೆ ಮೀಟರಿನಿಂದಲೇ ತಿಳಿಯುತ್ತಿತ್ತು. ಯಾರು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ.

ಅವರ ಗಂಡ ಕೂಕೋ ಟ್ರ್ಯಾಕ್ಟರ್ ರೇಡಿಯೇಟರ್ ರಿಪೇರಿಯವನು. ಬೆಳಿಗ್ಗೆ ನನ್ನ ಬೇಕರಿಗೆ ಬಂದು ಕಾಫಿ ಕುಡಿಯುತ್ತಾ ಗೊಣಗುತ್ತಿದ್ದ: "ಊರ ಸುದ್ದಿಯೆಲ್ಲಾ ನನ್ ಹೆಂಡ್ತಿ ಹೊಟ್ಟೇಲಿದೆ ಮಾರಾಯಾ. ಗಂಡ ಅನ್ನೋ ಕನಿಕರಕ್ಕಾದ್ರೂ ಒಂದ್ ಹೇಳ್ಬಾರ್ದಾ?"

ನಮ್ಮ ಕೇರಿಯ ಹೆಸರು ಎಲ್ ಬಾಹಿಯೋ. ರೈಲು ಹಳಿಯ ಪೂರ್ವಕ್ಕಿರುವ ತಗ್ಗು. ಪೀಚ್ ಹಣ್ಣಿನ ಶೆಡ್ಡಿನಲ್ಲಿ ಆಯುವವರು, ಡೇರಿಗಳಲ್ಲಿ ಹಾಲು ಕರೆಯುವವರು, ಬಾದಾಮಿ ತೋಟದವರು, ಎಲ್ಲ ಇಲ್ಲೇ. ಊರಿನ ನಗರಸಭೆಗೆ ಮೇಯರೂ ಸೇರಿ ಐದು ಜನ ಸದಸ್ಯರು. ಆ ಐವರೂ ಹಳಿಯ ಆಚೆಯವರು. ಅದರಲ್ಲೂ ನಾಲ್ವರ ಮನೆ ಗಾಲ್ಫ್ ಮೈದಾನದ ಸುತ್ತಲಿನ ಒಂದೇ ರಸ್ತೆಯಲ್ಲಿ. ನಮ್ಮಲ್ಲಿ ವಾರ್ಡುಗಳೇ ಇರಲಿಲ್ಲ. ಪ್ರತಿಯೊಂದು ಸ್ಥಾನಕ್ಕೂ ಇಡೀ ಊರು ಓಟು ಹಾಕುವುದು. ಆಚೆಯವರು ಹೆಚ್ಚು, ನಾವು ಕಡಿಮೆ. ಹೀಗಾಗಿ ಎಪ್ಪತ್ತು ವರ್ಷದಲ್ಲಿ ನಮ್ಮ ಕೇರಿಯ ಒಬ್ಬರೂ ಆ ಕುರ್ಚಿಯಲ್ಲಿ ಕೂತಿರಲಿಲ್ಲ.

ಇದು ತೆಂಚಾಗೆ ಚುಚ್ಚಿದ್ದು ಬಾವಿಯ ವರ್ಷ. ಊರಿಗೆ ನೀರು ಕೊಡುವ ಕೊಳವೆಬಾವಿಗಳು ಆರು. ಎಲ್ ಬಾಹಿಯೋಗೆ ನೀರು ಬರುವುದು ನಾಲ್ಕನೆಯದರಿಂದ. ಆ ನೀರಿಗೆ ಹೊಲದ ಗೊಬ್ಬರದ ವಿಷ ಇಳಿದಿದೆಯೆಂದು ಗೊತ್ತಾದಾಗ, 'ಈ ನೀರನ್ನು ಕುಡಿಯಬೇಡಿ, ಕೂಸುಗಳಿಗೆ ಹಾಲುಪುಡಿ ಕಲಸಬೇಡಿ' ಎಂಬ ಹಳದಿ ಚೀಟಿಯನ್ನು ಮನೆಮನೆಯ ಬಾಗಿಲಿಗೆ ನೇತುಹಾಕುವ ಕೆಲಸ ತೆಂಚಾಗೇ ಬಂತು. ಸಾವಿರದ ನೂರ ನಲವತ್ತು ಮನೆ, ಮೂರು ದಿನ. ಬಾಗಿಲು ತೆರೆದವರೆಲ್ಲ ಕೇಳಿದ್ದು ಒಂದೇ ಮಾತು: "ಎಷ್ಟು ದಿನ, ದೋನ್ಯಾ ತೆಂಚಾ?" ನಗರಸಭೆ ಆ ಬಾವಿಯನ್ನು ಸರಿಮಾಡಿಸಲು ಎರಡೂವರೆ ವರ್ಷ ತೆಗೆದುಕೊಂಡಿತು. ಅದೇ ಸಮಯದಲ್ಲಿ ಗಾಲ್ಫ್ ಮೈದಾನದ ಕಾರಂಜಿಗೆ ಹೊಸ ದೀಪ ಬಂತು.

ನಿವೃತ್ತಿಯಾದ ವರ್ಷವೇ ತೆಂಚಾ ಚುನಾವಣೆಗೆ ನಿಂತರು. ನಮ್ಮ ಕೇರಿಯ ಹತ್ತು ಓಟಿನಲ್ಲಿ ಒಂಬತ್ತು ಅವರಿಗೇ ಬಿದ್ದವು. ಆದರೂ ಆ ಸಲ ತೆರವಾಗಿದ್ದ ಮೂರು ಸ್ಥಾನಕ್ಕೆ ನಿಂತ ಆರು ಅಭ್ಯರ್ಥಿಗಳಲ್ಲಿ ಐದನೆಯವರಾಗಿ ಸೋತರು. ಮರುದಿನ ಬೇಕರಿಗೆ ಬಂದು ಸಕ್ಕರೆ ಬ್ರೆಡ್ಡು ಆರಿಸುತ್ತಾ ನನಗೆ ಹೇಳಿದರು: "ನಮ್ಮೋರು ಯಾರೂ ಕೈಕೊಡ್ಲಿಲ್ಲ, ಮನೋಲೋ. ಅದೇ ನಂಗೆ ಸಂಕಟ. ಕೈಕೊಟ್ಟಿದ್ರೆ ಬೈದು ಸಮಾಧಾನ ಮಾಡ್ಕೋಬಹುದಿತ್ತು."

ಎರಡು ವರ್ಷ ಕಳೆಯಿತು. ಫ್ರೆಸ್ನೋ ನಗರದಿಂದ ಮಾರಿಸೆಲಾ ಕಿರೋಸ್ ಎಂಬ ವಕೀಲೆ ಅವರ ಮನೆ ಹುಡುಕಿಕೊಂಡು ಬಂದಳು. ಆ ಹುಡುಗಿಯ ತಾಯಿಯೂ ಹಿಂದೆ ಪೀಚ್ ಶೆಡ್ಡಿನಲ್ಲಿದ್ದವಳು. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿ, ರಾಜ್ಯದ ಕಾನೂನು ನಮ್ಮ ಪರವಾಗಿದೆ ಎಂದು ವಿವರಿಸಿದಳು. ಒಂದು ಗುಂಪಿನ ಓಟು ಹೀಗೆ ಸದಾ ಮುಳುಗಿಹೋಗುತ್ತಿದ್ದರೆ, ವಾರ್ಡು ಮಾಡಿ ಎಂದು ನಗರಸಭೆಯನ್ನು ಒತ್ತಾಯಿಸಬಹುದು. ದೂರಿಗೆ ಈ ಊರಿನವರೊಬ್ಬರ ಸಹಿ ಬೇಕು.

"ಬೇರೆ ಯಾರೂ ಸಹಿ ಹಾಕ್ಲಿಲ್ವೇನಮ್ಮಾ?" ಎಂದು ಕೇಳಿದರು ತೆಂಚಾ.

"ನಾಲ್ಕು ಮನೆಗೆ ಹೋಗ್ಬಂದೆ, ಸೆನ್ಯೋರಾ. ಎಲ್ರೂ, ತೆಂಚಾ ಹಾಕಿದ್ರೆ ನಾವೂ ಹಾಕ್ತೀವಿ ಅಂದ್ರು."

ಕೂಕೋ ಬಾಗಿಲಲ್ಲೇ ನಿಂತಿದ್ದ. "ಏ ಮುದುಕಿ, ಪಿಂಚಣಿ ಬರೋದು ಅದೇ ನಗರಸಭೆಯಿಂದ ಕಣೇ."

"ಪಿಂಚಣಿ ನಾನು ನಡೆದ ನಡಿಗೆಗೆ. ಬಾಯಿ ಮುಚ್ಕೊಂಡಿರೋದಕ್ಕಲ್ಲ" ಎಂದು ತೆಂಚಾ ಪೆನ್ನು ಕೇಳಿದರು. ಕೂಕೋ ಜೇಬಿನಿಂದ ತನ್ನದನ್ನೇ ತೆಗೆದುಕೊಟ್ಟ.

ದೂರು ತಲುಪಿದ ಮೇಲೆ ಊರು ಎರಡಾಯಿತು. ಮೇಯರ್ ಗಾರ್ಲೆಂಡ್ ಪ್ರುಯಿಟ್ ಟ್ರ್ಯಾಕ್ಟರ್ ಅಂಗಡಿಯ ಮಾಲೀಕ; ಕೆಟ್ಟವನಲ್ಲ, ಎಲ್ಲರ ಹೆಸರೂ ಬಲ್ಲವನು. ಸಭೆಯಲ್ಲಿ ಎದ್ದು ನಿಂತು ಅವನು ಹೇಳಿದ: "ಇದು ಒಂದೇ ಊರು. ಇದನ್ನ ಹೋಳು ಮಾಡೋದ್ಯಾಕೆ? ನಾನು ಇಡೀ ಊರಿಗೆ ಮೇಯರು. ತೆಂಚಾ, ಮೂವತ್ತು ವರ್ಷದಿಂದ ನಿಮ್ಮನ್ನ ನೋಡ್ತಿದೀನಿ. ನಿಮಗೆ ಏನು ಕಮ್ಮಿ ಮಾಡಿದೀನಿ, ಹೇಳಿ."

"ಕಮ್ಮಿ ಏನೂ ಮಾಡಿಲ್ಲ, ಪ್ರುಯಿಟ್ ಅವ್ರೇ. ನಮ್ಮ ಕೇರೀಲಿ ಮಳೆನೀರು ಮೊಣಕಾಲುದ್ದ ನಿಲ್ಲುತ್ತೆ. ಅದು ಜಾಸ್ತೀನೇ ಆಯ್ತು" ಎಂದರು ತೆಂಚಾ. ಹಿಂದಿನ ಸಾಲುಗಳಲ್ಲಿ ಕೂತಿದ್ದ ನಾವು ನಕ್ಕೆವು. ಮುಂದಿನ ಸಾಲಿನವರು ತಿರುಗಿ ನೋಡಿದರು.

ನಗರಸಭೆ ಮೊದಲು ಕೋರ್ಟಿಗೆ ಹೋಗುತ್ತೇವೆಂದು ಹಟ ಹಿಡಿಯಿತು. ಗೆಲ್ಲುವ ಭರವಸೆಯಿಲ್ಲವೆಂದು ಅದರ ವಕೀಲನೇ ಕೈಚೆಲ್ಲಿದ ಮೇಲೆ, ಒಲ್ಲದ ಮನಸ್ಸಿನಿಂದ ಐದು ವಾರ್ಡುಗಳಿಗೆ ಒಪ್ಪಿತು. ಆ ಸಂಜೆ ನಾವು ಬೇಕರಿಯ ಮುಂದೆ ಕುರಿಮಾಂಸ ಸುಟ್ಟು ಹಬ್ಬ ಮಾಡಿದೆವು.

ಹಬ್ಬ ಅವಸರದ್ದಾಗಿತ್ತು. ಜನವರಿಯಲ್ಲಿ ನಗರಸಭೆಯ ನಕ್ಷೆ ಬಂತು. ಹಣ ಕೊಟ್ಟು ಹೊರಗಿನಿಂದ ಕರೆಸಿದ ನಕ್ಷೆಯವನು ಎಲ್ ಬಾಹಿಯೋವನ್ನು ಮೂರು ಸೀಳು ಮಾಡಿ, ಒಂದೊಂದನ್ನೂ ಹಳಿಯಾಚೆಯ ದೊಡ್ಡ ಭಾಗಕ್ಕೆ ಅಂಟಿಸಿದ್ದ. ಮೂರು ವಾರ್ಡಿನಲ್ಲೂ ನಾವು ಮತ್ತೆ ಕಡಿಮೆಯೇ. ಮಾರಿಸೆಲಾ ಆ ಹಾಳೆ ತಂದಾಗ ತೆಂಚಾ ಆ ಮೂರು ಸೀಳುಗಳ ಮೇಲೆ ಬೆರಳಾಡಿಸಿ ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಣ್ಣೊರೆಸಿಕೊಂಡು ಕೇಳಿದರು: "ನಕ್ಷೆ ಅವರೇ ಬರೀಬೇಕು ಅಂತಿದೆಯಾ?"

"ಇಲ್ಲ. ಊರಿನವರು ಯಾರು ಬೇಕಾದ್ರೂ ಬರ್ದು ಕೊಡಬಹುದು. ಆದ್ರೆ ಎರಡು ಮಾತು. ಜನಸಂಖ್ಯೆ ಐದು ವಾರ್ಡಿಗೂ ಸಮ ಇರ್ಬೇಕು. ಒಂದು ಕೇರೀನ ಒಟ್ಟಿಗೆ ಇಡಿ ಅಂತ ಕೇಳೋದಾದ್ರೆ, ಅದು ಒಂದೇ ಕೇರಿ ಅಂತ ತೋರಿಸಬೇಕು."

"ಒಂದೇ ಕೇರಿ ಅಂತ ಈ ನಗರಸಭೇನೇ ಒಂದ್ಸಲ ಬರ್ಕೊಟ್ಟಿದೆಯಲ್ಲಮ್ಮಾ" ಎಂದರು ತೆಂಚಾ.

ಮಾರಿಸೆಲಾಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಹಳದಿ ಚೀಟಿ ಯಾವ ಯಾವ ಮನೆಗೆ ಹೋಗಬೇಕೆಂದು ನಗರಸಭೆಯೇ ಅಂದು ಒಂದು ಪಟ್ಟಿ ಮಾಡಿತ್ತು: ನಾಲ್ಕನೇ ಬಾವಿಯ ನೀರು ಕುಡಿಯುವ ಮನೆಗಳು, ರಸ್ತೆ ರಸ್ತೆಯಾಗಿ. ಮರುದಿನವೇ ತೆಂಚಾ ಕಚೇರಿಗೆ ಹೋಗಿ, ಅರ್ಜಿ ಕೊಟ್ಟು, ಆ ಪಟ್ಟಿಯ ಪ್ರತಿ ಕೇಳಿದರು. ಹತ್ತನೇ ದಿನ ಕೈಗೆ ಬಂತು. ಹದಿನೇಳು ಪುಟ.

ಆಮೇಲೆ ಎರಡು ವಾರ ಅವರು ಪೆನ್ಸಿಲು ಹಿಡಿದು, ಆ ಪಟ್ಟಿಯ ಮನೆಗಳೆಲ್ಲ ಒಂದೇ ವಾರ್ಡಿಗೆ ಬರುವಂತೆ ಐದು ವಾರ್ಡಿನ ನಕ್ಷೆ ಬರೆಯುತ್ತಾ ಕೂತರು. ಗೆರೆ ಅಡ್ಡಾದಿಡ್ಡಿ ಕಂಡಲ್ಲಿ ಎದ್ದು ಮಂಜಿನಲ್ಲೇ ಹೊರಟು, ಓಣಿ ನಡೆದು ನೋಡಿ ಬಂದರು. ಕಾಲುವೆಯ ಪಕ್ಕದ ಟ್ರೇಲರ್ ಮನೆಗಳನ್ನು ನಕ್ಷೆಯವನು ಆಚೆ ದಡಕ್ಕೆ ಹಾಕಿದ್ದನ್ನು ಕಂಡುಹಿಡಿದವರೂ ಅವರೇ. ಆ ತಪ್ಪನ್ನೂ ಬರೆದು, ತಮ್ಮ ನಕ್ಷೆಯನ್ನು ವಿಚಾರಣೆಗೆ ಮೊದಲೇ ಕಚೇರಿಗೆ ಕೊಟ್ಟರು.

ಯಾವ ನಕ್ಷೆಯೆಂದು ತೀರ್ಮಾನಿಸುವ ಕಡೆಯ ವಿಚಾರಣೆ ಫೆಬ್ರುವರಿಯ ಒಂದು ಮಂಗಳವಾರ ಸಂಜೆ. ಸಭಾಂಗಣ ತುಂಬಿ, ಜನ ಮೆಟ್ಟಿಲ ಮೇಲೂ ನಿಂತಿದ್ದರು. ಒಬ್ಬೊಬ್ಬರಿಗೆ ಮಾತಾಡಲು ಮೂರೇ ನಿಮಿಷ. ಮುಗಿದರೆ ಗಂಟೆ ಬಾರಿಸುತ್ತದೆ. ತೆಂಚಾ ಮೈಕಿನ ಮುಂದೆ ನಿಂತು ಮುನ್ನುಡಿಯಿಲ್ಲದೆ ಶುರುಮಾಡಿದರು. "ಇದು ನಿಮ್ಮದೇ ಪಟ್ಟಿ. ಆರು ವರ್ಷದ ಹಿಂದೆ ನೀರು ಕುಡೀಬೇಡಿ ಅಂತ ಹೇಳೋವಾಗ ನಾವೆಲ್ಲ ಒಂದೇ ಕೇರಿ ಅಂತ ನಿಮಗೆ ಗೊತ್ತಿತ್ತು. ಈಗ ಓಟು ಹಾಕೋವಾಗ ಮೂರು ಹೆಂಗಾದ್ವಿ? ಮರೆತಿದ್ರೆ ಓದ್ತೀನಿ, ಕೇಳಿ." ರಸ್ತೆಗಳ ಹೆಸರು, ಮನೆಗಳ ಸಂಖ್ಯೆ, ಒಂದೊಂದಾಗಿ ಓದತೊಡಗಿದರು. ಮೂರನೇ ಪುಟ ಮುಗಿಯುವಾಗ ಗಂಟೆ ಬಾರಿಸಿತು.

"ಸಮಯ ಮುಗೀತು, ತೆಂಚಾ" ಎಂದ ಪ್ರುಯಿಟ್.

ತೆಂಚಾ ಕೂತರು. ಕೂಕೋ ಎದ್ದ. ಹೆಂಡತಿಯ ಕೈಯಿಂದ ಕಾಗದ ತೆಗೆದುಕೊಂಡು ಮೈಕಿಗೆ ಬಂದ. "ನಾನು ರೆಫೂಹಿಯೋ ಅರೆಯೋಲಾ, ಕೂಕೋ ಅಂತಾರೆ. ಮದುವೆಯಾಗಿ ಮೂವತ್ತೆಂಟು ವರ್ಷ ಆಯ್ತು, ಇವಳು ಮೂರು ನಿಮಿಷಕ್ಕೆ ಮಾತು ನಿಲ್ಸಿದ್ದು ಇವತ್ತೇ ಮೊದಲು. ನಿಮ್ಮ ಗಂಟೆ ಎಲ್ಲಿ ಸಿಗುತ್ತೆ ಸ್ವಾಮೀ?" ಪ್ರುಯಿಟ್ ಕೂಡ ನಗು ತಡೆಯಲಾರದೆ ಹೋದ. ಕೂಕೋ ಕನ್ನಡಕ ಏರಿಸಿ ನಾಲ್ಕನೇ ಪುಟದಿಂದ ಓದಿದ. ಗಂಟೆ ಬಾರಿಸಿದಾಗ ಡೇರಿಯ ಕೆಲಸದವನೊಬ್ಬ ಎದ್ದ. ಆಮೇಲೆ ನಾನು. ನನ್ನ ಪಾಲಿಗೆ ಬಂದ ಪುಟದಲ್ಲಿ ನನ್ನ ಬೇಕರಿಯ ವಿಳಾಸವೂ ಇತ್ತು. ಅದನ್ನು ತುಸು ಜೋರಾಗಿಯೇ ಓದಿದೆ. ಎಂಟು ಜನ, ಹದಿನೇಳು ಪುಟ, ಒಂದು ಮನೆಯೂ ಬಿಡಲಿಲ್ಲ.

ಸದಸ್ಯರಲ್ಲಿ ಹಿರಿಯಳು ಲವೋನ್ ಟೆಷೇರಾ, ಹಳೇ ಡೇರಿ ಕುಟುಂಬದವಳು. ಅವಳು ನಕ್ಷೆಯವನ ಕಡೆ ತಿರುಗಿ ಕೇಳಿದಳು: "ಈ ಪಟ್ಟಿಯ ಮನೆಗಳೆಲ್ಲಾ ಸೇರಿದ್ರೆ ಜನ ಎಷ್ಟಾಗ್ತಾರೆ?"

ಅವನು ಕಂಪ್ಯೂಟರಿನಲ್ಲಿ ಕುಟ್ಟುತ್ತಾ ಕೂತ. ಇಡೀ ಸಭೆ ಅವನ ಬೆರಳುಗಳನ್ನೇ ನೋಡುತ್ತಿತ್ತು. "ನಾಲ್ಕು ಸಾವಿರದ ಎಂಟುನೂರ ಅರವತ್ತು."

"ಒಂದು ವಾರ್ಡಿಗೆ ಬೇಕಾದದ್ದು?"

"ನಾಲ್ಕು ಸಾವಿರದ ಎಂಟುನೂರು." ಅವನು ಸ್ವಲ್ಪ ತಡೆದು ಹೇಳಿದ, "ನಿಯಮದ ಒಳಗೇ ಇದೆ. ಆ ಟ್ರೇಲರ್ ಮನೆಗಳ ವಿಷಯದಲ್ಲೂ ಅವರು ಹೇಳಿದ್ದೇ ಸರಿ. ತಪ್ಪು ನನ್ನದು."

ಟೆಷೇರಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಹಾಗಾದ್ರೆ ನಾನು ಶ್ರೀಮತಿ ಅರೆಯೋಲಾ ಅವರ ನಕ್ಷೇನೇ ಮಂಡಿಸ್ತೀನಿ."

ಪರವಾಗಿ ಮೂರು ಓಟು, ವಿರುದ್ಧ ಎರಡು. ಮೂರನೆಯ ಕೈ ಮೇಲೆ ಹೋದಾಗ ಸಭಾಂಗಣದಲ್ಲಿ ಎದ್ದ ಕೂಗು ಹಳಿಯಾಚೆಗೂ ಕೇಳಿಸಿತಂತೆ. ಪ್ರುಯಿಟ್ ಆ ನಕ್ಷೆಗೆ ವಿರುದ್ಧವಾಗಿ ಓಟು ಹಾಕಿದ್ದ. ಆದರೂ ಕೆಳಗಿಳಿದು ಬಂದು ತೆಂಚಾರ ಕೈ ಕುಲುಕಿದ. "ನಿಮ್ಮನ್ನ ಕೆಲಸದಿಂದ ಬಿಟ್ಟಿದ್ದೇ ತಪ್ಪಾಯ್ತು ನೋಡಿ."

"ನೀವು ಬಿಟ್ಟದ್ದಲ್ಲ ಪ್ರುಯಿಟ್ ಅವ್ರೇ, ನಾನೇ ಬಿಟ್ಟು ಬಂದದ್ದು" ಎಂದರು ತೆಂಚಾ.

ಮೂರನೇ ವಾರ್ಡು ನಮ್ಮದಾಯಿತು. ಅಭ್ಯರ್ಥಿ ಯಾರೆಂದು ಯಾರೂ ಕೇಳಲೇ ಇಲ್ಲ, ತೆಂಚಾ ಒಬ್ಬರನ್ನು ಬಿಟ್ಟು. "ಅರವತ್ಮೂರು ವರ್ಷ ನನಗೆ. ಮಂಡಿ ಎರಡೂ ಹೋಗಿವೆ. ಯಾರಾದ್ರೂ ಚಿಕ್ಕ ವಯಸ್ಸಿನವರು ನಿಲ್ರೋ" ಎಂದು ಬೇಕರಿಯಲ್ಲಿ ಬೇಡಿಕೊಂಡರು.

"ಕುರ್ಚಿ ಮೇಲೆ ಕೂರೋಕೆ ಮಂಡಿ ಯಾಕೆ ಬೇಕೇ?" ಎಂದ ಕೂಕೋ.

ಕಡೆಗೆ ನಿಂತರು. ಮಂಡಿ ಕಟ್ಟಿಕೊಂಡು ಸಾವಿರದ ನೂರ ನಲವತ್ತು ಬಾಗಿಲನ್ನೂ ಮತ್ತೆ ತಟ್ಟಿದರು. ನವೆಂಬರಿನಲ್ಲಿ ಎಣಿಕೆ ಮುಗಿದಾಗ ತೆಂಚಾಗೆ ಒಂಬೈನೂರ ಹನ್ನೆರಡು, ಎದುರಾಳಿಗೆ ನೂರ ಎಂಬತ್ತೇಳು. ಪೀಚ್ ಶೆಡ್ಡಿನ ಹೆಂಗಸರು ಕೆಲಸದ ಏಪ್ರನ್ನಿನಲ್ಲೇ ಅವರ ಮನೆಗೆ ಓಡಿಬಂದರು. ಯಾರೋ ತುತ್ತೂರಿ ತಂದರು, ಯಾರೋ ಅಕಾರ್ಡಿಯನ್. ಕೂಕೋ ರಸ್ತೆಯ ನಡುವೆ ಹೆಂಡತಿಯನ್ನು ಕುಣಿಸಿದ. ಅವರು "ಬಿಡೋ, ಮಂಡಿ!" ಎನ್ನುತ್ತಲೇ ಮೂರು ಹಾಡಿಗೆ ಕುಣಿದರು.

ಪ್ರಮಾಣವಚನದ ದಿನ ಅವರು ಇಸ್ತ್ರಿ ಮಾಡಿದ ನೀಲಿ ಉಡುಪು ತೊಟ್ಟಿದ್ದರು. ಬಲಗೈ ಎತ್ತಿ, ಪ್ರತಿ ಪದವನ್ನೂ ಬಿಡಿಸಿ ಹೇಳಿ, ಮೆಟ್ಟಿಲೇರಿ ಹೋಗಿ, ಟೆಷೇರಾ ಪಕ್ಕದ ಕುರ್ಚಿಯಲ್ಲಿ ಕೂತರು. ನಾವೆಲ್ಲ ಕೆಳಗೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಲೇ ಇದ್ದೆವು. ಕಡೆಗೆ ಅವರೇ ಮೈಕನ್ನು ಹತ್ತಿರ ಎಳೆದುಕೊಂಡರು. "ಸಾಕು, ಕೂತ್ಕೊಳ್ರೋ. ಕೆಲಸ ಇದೆ."