ಆಸ್ಪತ್ರೆಗೆ ಫೋನ್ ಮಾಡಿದವರು ಯಾರು?

ದೆವ್ವ, ಭಾಸ, ಅಶರೀರವಾಣಿ ಅಂತ ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುವವನು. ಅಫಜಲಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಿಗೆ ಅದೊಂದು ಜಂಬವೂ ಆಗಿತ್ತು. ಈ ಒಂದು ಸಂಗತಿ ಮಾತ್ರ ನನ್ನ ಬಾಯಿ ಕಟ್ಟಿಹಾಕಿದೆ. ಇದನ್ನು ಹೇಳಬೇಕೆಂದರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತದೆ. ಅದಕ್ಕೇ ಇಷ್ಟು ವರ್ಷ ಸುಮ್ಮನಿದ್ದೆ.

ನನ್ನ ಹೆಂಡತಿ ಮಹಾದೇವಿಗೆ ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆ. ದಣಿದರೆ ರೆಪ್ಪೆಗಳು ಜೋತು ಬೀಳುತ್ತವೆ, ರೊಟ್ಟಿ ಅಗಿಯುತ್ತ ದವಡೆ ಸೋಲುತ್ತದೆ, ಮಾತು ಮೂಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಮೊದಲು ಸೋಮಾರಿತನವೆಂದು ನಾನು ಗದರಿದ್ದೂ ಉಂಟು. ಕಲಬುರಗಿಯ ನರರೋಗ ವೈದ್ಯರು ನಾಲ್ಕು ತಾಸಿಗೊಮ್ಮೆ ಗುಳಿಗೆ, ಜೊತೆಗೆ ಸ್ಟಿರಾಯ್ಡ್ ಬರೆದುಕೊಟ್ಟರು. ಎದೆಯೊಳಗಿನ ಥೈಮಸ್ ಗ್ರಂಥಿ ತೆಗೆಸಿದರೆ ಅನುಕೂಲವಾಗಬಹುದು ಎಂದರು. ಮಗಳ ಮದುವೆ ಮುಗಿಯಲಿ ಎಂದು ನಾನೇ ಮುಂದೂಡಿದೆ. ಕೆಲವು ಇಂಜೆಕ್ಷನ್ ಇವಳಿಗೆ ಆಗುವುದಿಲ್ಲ, ಎಲ್ಲಿ ಹೋದರೂ ಮೊದಲು ಕಾಯಿಲೆಯ ಹೆಸರು ಹೇಳಿ ಎಂದು ಎಚ್ಚರಿಸಿದ್ದರು.

ಆ ಮಧ್ಯಾಹ್ನ ನಾವಿಬ್ಬರೂ ಅಂದೋಲಾಕ್ಕೆ ಹುಡುಗನ ಮನೆ ನೋಡಲು ಹೋಗಿದ್ದೆವು. ಮಾತುಕತೆ ಕುದುರಿತ್ತು. ಊಟದ ಹೊತ್ತಿಗೆ ಮಹಾದೇವಿಗೆ ಚಳಿಜ್ವರ ಬಂತು. ಬೀಗರಾಗಬೇಕಾದ ಯಜಮಾನರು ತಾವೇ ಊರಿನ ದವಾಖಾನೆಗೆ ಕರೆದೊಯ್ದು ಪಕ್ಕದಲ್ಲೇ ಕುಳಿತರು.

"ಮತ್ತೇನರ ಕಾಯಿಲೆ ಅದ ಏನ್ರಿ?" ಡಾಕ್ಟರು ಕೇಳಿದರು.

ಮಹಾದೇವಿಗೆ ಆಗಲೇ ಮಾತು ಹೊರಡುತ್ತಿರಲಿಲ್ಲ. ನನ್ನ ಅಂಗಿ ಜಗ್ಗಿದಳು. ನಾನು ಬೀಗರ ಮುಖ ನೋಡಿ, "ಏನಿಲ್ರಿ, ಬರೇ ಜ್ವರ" ಎಂದುಬಿಟ್ಟೆ. ತಾಯಿಯ ರೋಗ ನಾಳೆ ಮಗಳಿಗೂ ಬಂದೀತೆಂದು ಅವರು ಹಿಂದೆ ಸರಿದರೆ ಎಂಬ ಹೆದರಿಕೆ.

ಇಂಜೆಕ್ಷನ್ ಆದ ಒಂದು ತಾಸಿನೊಳಗೆ ಅವಳ ಕುತ್ತಿಗೆ ವಾಲಿತು, ಉಸಿರು ಸಾಲದಾಯಿತು. ಬೀಗರು ತಮ್ಮ ಕಾರಿನಲ್ಲೇ ನಮ್ಮನ್ನು ಹಾಕಿಕೊಂಡು ಜೇವರ್ಗಿ ದಾಟಿ ಕಲಬುರಗಿಗೆ ಓಡಿಸಿದರು. ಆಸ್ಪತ್ರೆಯನ್ನೂ ಅವರೇ ಆರಿಸಿದರು. ನಾವು ಹಿಂದೆಂದೂ ಕಾಲಿಡದ ಆಸ್ಪತ್ರೆ. ಹೆಂಡತಿಯ ತಲೆ ನನ್ನ ತೊಡೆಯ ಮೇಲಿತ್ತು, ಅವಳ ಮೊಬೈಲು ಚಾರ್ಜ್ ಮುಗಿದು ನನ್ನ ಜೇಬಿನಲ್ಲಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ: ಅಲ್ಲಿಯೂ ಜ್ವರ ಎಂದೇ ಹೇಳುವುದು, ಬೀಗರು ಅತ್ತ ಸರಿದ ಮೇಲೆ ಉಳಿದದ್ದು ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ಬಾಗಿಲಲ್ಲೇ ಸ್ಟ್ರೆಚರ್ ಸಿದ್ಧವಿತ್ತು. ನಾನು ಬಾಯಿ ತೆರೆಯುವ ಮೊದಲೇ ನರ್ಸ್, "ಮಯಸ್ತೇನಿಯಾ ಪೇಶಂಟ್ ಇವರೇ ಏನ್ರಿ?" ಎಂದು ಕೇಳಿ ಒಳಗೆ ಒಯ್ದಳು. ಉಸಿರಾಟದ ಯಂತ್ರ ಹಚ್ಚಿದರು. ದಿನ ಬಿಟ್ಟು ದಿನ ರಕ್ತದೊಳಗಿನ ಪ್ಲಾಸ್ಮಾ ಬದಲಿಸಿದರು. ಬದುಕಿಕೊಂಡಳು, ಮುಂದೆ ಗ್ರಂಥಿಯ ಆಪರೇಷನ್ನೂ ಆಯಿತು.

ಬೀಗರು ಅಂದದ್ದು ಇಷ್ಟೇ: "ಮೊದಲೇ ಹೇಳಬಾರದಿತ್ತೇನ್ರಿ ಸರ? ನಾವೇನು ಮನುಷ್ಯರಲ್ಲೇನು?" ಮದುವೆಯೂ ನಡೆಯಿತು. ನನ್ನ ಸುಳ್ಳು ಯಾರಿಗೂ ಬೇಕಾಗಿರಲಿಲ್ಲ.

ಮೊದಲೇ ಸುದ್ದಿ ಕೊಟ್ಟವರು ಯಾರೆಂದು ಮರುದಿನ ನರ್ಸನ್ನು ಕೇಳಿದೆ.

"ಒಬ್ಬ ಹೆಣ್ಮಗಳು ಫೋನ್ ಮಾಡಿದ್ರು. ದನಿ ಭಾಳ ಸ್ವಚ್ಛ ಇತ್ರಿ. ರೋಗದ ಹೆಸರು, ಕೊಟ್ಟ ಇಂಜೆಕ್ಷನ್ ಹೆಸರು ಎಲ್ಲಾ ಹೇಳಿದ್ರು. 'ನಮ್ಮ ಯಜಮಾನ್ರು ಹೇಳಂಗಿಲ್ರಿ, ಅದಕ್ಕ ನಾನೇ ಹೇಳಾಕತ್ತೇನಿ' ಅಂದ್ರು."

ಅಂದೋಲಾದ ಡಾಕ್ಟರಿಗೆ ರೋಗದ ಹೆಸರೇ ಗೊತ್ತಿರಲಿಲ್ಲ. ಮಗಳಿಗೆ ಸುದ್ದಿ ಮುಟ್ಟಿದ್ದು ನಾವು ಆಸ್ಪತ್ರೆ ಸೇರಿದ ಮೇಲೆ, ಸಂಜೆ. ಮಹಾದೇವಿಗೆ ಕಾರು ಹತ್ತಿದ್ದೂ ನೆನಪಿಲ್ಲ. ಎಷ್ಟು ತಲೆ ಕೆಡಿಸಿಕೊಂಡರೂ ಆ ಫೋನಿನ ಬುಡ ನನಗೆ ಸಿಕ್ಕಿಲ್ಲ. ನರ್ಸ್ ತಪ್ಪಾಗಿ ಕೇಳಿಸಿಕೊಂಡಿರಬಹುದು ಎಂದು ಸಮಾಧಾನ ಮಾಡಿಕೊಳ್ಳಲೂ ಆಗುವುದಿಲ್ಲ. ಏಕೆಂದರೆ ಆ ಹೆಣ್ಣುಮಗಳು ಯಾರೇ ಆಗಿರಲಿ, ಹೇಳಿದ್ದು ನಿಜ. ನಾನು ಹೇಳುತ್ತಿರಲಿಲ್ಲ.